ಹಳೆಯ ರೈಫಲ್‌ಗಳ ಒಡಲಲ್ಲಿ ಪೌಲ್ ಮೌಸರ್

ಹಳೆಯ ಸೇನಾ ರೈಫಲೊಂದನ್ನು ಬಿಚ್ಚಿ, ಸವೆದ ನಳಿಗೆಯನ್ನೂ ಮರದ ಹಿಡಿಯನ್ನೂ ತೆಗೆದುಹಾಕಿ, ನಡುವಿನ ಉಕ್ಕಿನ ಭಾಗವನ್ನಷ್ಟೇ ಉಳಿಸಿಕೊಂಡು ಅದರ ಸುತ್ತ ಹೊಸ ಬೇಟೆಯ ಬಂದೂಕು ಕಟ್ಟುವ ಪರಿಪಾಠ ಯುರೋಪ್ ಮತ್ತು ಅಮೆರಿಕದಲ್ಲಿ ಬಹಳ ಹಳೆಯದು. ಆ ನಡುವಿನ ಭಾಗಕ್ಕೆ ಆಕ್ಷನ್ ಎಂದು ಹೆಸರು. ತೋಟಾವನ್ನು ನಳಿಗೆಗೆ ನೂಕುವುದು, ಹಿಂದಿನಿಂದ ಭದ್ರವಾಗಿ ಮುಚ್ಚುವುದು, ಸಿಡಿಸುವುದು, ಖಾಲಿ ಹಿತ್ತಾಳೆ ಕೋಶವನ್ನು ಹೊರಗೆಸೆಯುವುದು ಎಲ್ಲವೂ ಅದರದೇ ಕೆಲಸ. ಇಂಥದೊಂದು ಆಕ್ಷನ್ ಕೈಗೆ ಬಂದಾಗ ಅನುಭವಿ ಕುಶಲಕರ್ಮಿ ಕೇಳುವ ಮೊದಲ ಪ್ರಶ್ನೆ, ಇದು 1898ಕ್ಕಿಂತ ಮುಂಚಿನ ವಿನ್ಯಾಸವೋ ಅಥವಾ ಆ ವರ್ಷದ್ದೋ ಎಂಬುದು. ಉತ್ತರ ತಪ್ಪಿದರೆ ಕಳೆದುಕೊಳ್ಳುವುದು ಬಂದೂಕು ಹಿಡಿದವನ ಕಣ್ಣು, ಕೆಲವೊಮ್ಮೆ ಪ್ರಾಣ. ಈ ಪ್ರಶ್ನೆ ಹುಟ್ಟಿದ್ದು ಜರ್ಮನಿಯ ಪೌಲ್ ಮೌಸರ್ ಅವರ ಐವತ್ತು ವರ್ಷಗಳ ದುಡಿಮೆಯಿಂದ.

ಪೀಟರ್ ಪೌಲ್ ಮೌಸರ್ ಜನಿಸಿದ್ದು 1838ರ ಜೂನ್ 27ರಂದು, ವುರ್ಟೆಂಬರ್ಗ್ ರಾಜ್ಯದ ಓಬರ್ನ್‌ಡಾರ್ಫ್‌ನಲ್ಲಿ. ನೆಕ್ಕರ್ ನದಿಯ ದಂಡೆಯ ಆ ಪುಟ್ಟ ಊರಿನಲ್ಲಿ 1811ರಲ್ಲೇ ರಾಜರ ಬಂದೂಕು ಕಾರ್ಖಾನೆ ತಲೆಯೆತ್ತಿತ್ತು. ಅದು ನಡೆಯುತ್ತಿದ್ದುದು ಅಗಸ್ಟೀನಿಯನ್ ಸನ್ಯಾಸಿಗಳು ತೆರವು ಮಾಡಿದ್ದ ಹಳೆಯ ಮಠದ ಕಟ್ಟಡದಲ್ಲಿ. ತಂದೆ ಆಂಡ್ರಿಯಾಸ್ ಅಲ್ಲಿಯೇ ಬಂದೂಕು ಕೆಲಸಗಾರರು. ಹದಿಮೂರು ಮಕ್ಕಳಲ್ಲಿ ಪೌಲ್ ಕೊನೆಯವರು. ಶಾಲೆ ಮುಗಿಯುತ್ತಿದ್ದಂತೆ ಅರ ಹಿಡಿದು ತಂದೆಯ ಹಾದಿ ತುಳಿದರು. ನಾಲ್ಕು ವರ್ಷ ಹಿರಿಯನಾದ ಅಣ್ಣ ವಿಲ್ಹೆಲ್ಮ್ ಕೂಡ ಅದೇ ಕಸುಬಿನವರು. ಮುಂದೆ ತಮ್ಮನ ತಲೆ, ಅಣ್ಣನ ಮಾತು ಸೇರಿ ಒಂದು ಉದ್ಯಮವೇ ಹುಟ್ಟಿಕೊಂಡಿತು.

1859ರಲ್ಲಿ ಕಡ್ಡಾಯ ಸೇನಾ ಸೇವೆಗೆ ಪೌಲ್ ಲುಡ್ವಿಗ್ಸ್‌ಬರ್ಗ್‌ನ ಶಸ್ತ್ರಾಗಾರ ಸೇರಿದರು. ಆಗ ಪ್ರಷ್ಯಾ ಸೇನೆಯ ಕೈಯಲ್ಲಿದ್ದುದು ಡ್ರೈಸೆ ವಿನ್ಯಾಸದ ಸೂಜಿ ಬಂದೂಕು. ಬಾಗಿಲಿನ ಚಿಲಕದಂತೆ ಮುಂದಕ್ಕೆ ನೂಕಿ ತಿರುಗಿಸಿದರೆ ಮುಚ್ಚಿಕೊಳ್ಳುವ ಬೋಲ್ಟ್ ಅದರ ವಿಶೇಷ. 1866ರಲ್ಲಿ ಆಸ್ಟ್ರಿಯಾವನ್ನು ಸೋಲಿಸಿದ ಕೀರ್ತಿಯಲ್ಲಿ ಅದಕ್ಕೂ ಪಾಲಿತ್ತು. ಆದರೆ ಕಾಗದದ ತೋಟಾ ಸಿಡಿದಾಗ ಬಿಸಿ ಅನಿಲ ಹಿಂದಕ್ಕೆ ಸೋರುತ್ತಿತ್ತು. ಪ್ರತಿ ಹೊಡೆತಕ್ಕೂ ಸೂಜಿಯನ್ನು ಬೇರೆಯಾಗಿ ಎಳೆದು ಅಣಿಗೊಳಿಸಬೇಕಿತ್ತು. ಪೌಲ್ ಈ ಎರಡೂ ಕೊರತೆಗಳ ಬೆನ್ನು ಹತ್ತಿದರು. ಲೋಹದ ತೋಟಾ ಬಳಸಿ, ಬೋಲ್ಟಿನ ಹಿಡಿ ತಿರುಗಿಸಿದಾಗ ಸ್ಪ್ರಿಂಗ್ ತಾನಾಗಿಯೇ ಬಿಗಿದುಕೊಳ್ಳುವ ಏರ್ಪಾಟು ಮಾಡಿದರು.

ತವರಿನಲ್ಲಿ ಯಾರೂ ಕಿವಿಗೊಡಲಿಲ್ಲ. ಕೈ ಹಿಡಿದವರು ರೆಮಿಂಗ್ಟನ್ ಕಂಪನಿಯ ಪ್ರತಿನಿಧಿಯಾಗಿ ಯುರೋಪಿನಲ್ಲಿ ಓಡಾಡುತ್ತಿದ್ದ ಅಮೆರಿಕದ ಸ್ಯಾಮ್ಯುಯೆಲ್ ನಾರಿಸ್. ಅವರೊಡನೆ ಒಪ್ಪಂದ ಮಾಡಿಕೊಂಡು ಸಹೋದರರು 1867ರಲ್ಲಿ ಬೆಲ್ಜಿಯಂನ ಲಿಯೇಜ್‌ಗೆ ತೆರಳಿದರು. 1868ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು, ಆದರೆ ಒಪ್ಪಂದದ ಹಣ ಬರುವುದು ನಿಂತಿತು. ಬರಿಗೈಯಲ್ಲಿ ಊರಿಗೆ ಮರಳಿದ ಪೌಲ್ ಅರದ ಮುಂದೆ ಕುಳಿತರೆ, ವಿಲ್ಹೆಲ್ಮ್ ಬರ್ಲಿನ್ ಸಮೀಪದ ಸ್ಪಾಂಡೌನ ಪರೀಕ್ಷಾ ಕೇಂದ್ರದಲ್ಲಿ ಅಧಿಕಾರಿಗಳ ಮನವೊಲಿಸುವ ಕೆಲಸಕ್ಕೆ ನಿಂತರು. 1871ರ ಡಿಸೆಂಬರ್‌ನಲ್ಲಿ ಅವರ 11 ಮಿ.ಮೀ. ರೈಫಲ್ ಅಂಗೀಕಾರಗೊಂಡಿತು. ಒಂದೇ ತೋಟಾದ ಆ ಬಂದೂಕಿನ ಬೋಲ್ಟಿನ ಹಿಂತುದಿಯಲ್ಲಿ ರೆಕ್ಕೆಯಂತೆ ಹೊರಳುವ ಸುರಕ್ಷಾ ಕೀಲಿ ಇತ್ತು. ಮೌಸರ್ ಸೇನಾ ರೈಫಲ್‌ಗಳ ಮೇಲೆ ಕೊನೆಯವರೆಗೂ ಉಳಿದ ಗುರುತು ಅದು.

ಗೆಲುವು ದೊಡ್ಡದು, ಗಳಿಕೆ ಸಣ್ಣದು. ತಯಾರಿಕೆಯ ಹೊಣೆ ಸರ್ಕಾರಿ ಕಾರ್ಖಾನೆಗಳಿಗೆ ಹೋಯಿತು. ರೈಫಲನ್ನು ಕಂಡುಹಿಡಿದವರ ಪಾಲಿಗೆ ಬಂದಿದ್ದು ಬವೇರಿಯಾಕ್ಕೆ ಮೂರು ಸಾವಿರ ಗುರಿಪಟ್ಟಿಗಳನ್ನು ಮಾಡಿಕೊಡುವ ಗುತ್ತಿಗೆ. 1873ರಲ್ಲಿ ಹೊಸ ಕಾರ್ಖಾನೆಗೆ ಬೆಂಕಿ ಬಿತ್ತು. ಆದರೂ ಮರುವರ್ಷ, ವುರ್ಟೆಂಬರ್ಗ್ ಸೇನೆಯ ಒಂದು ಲಕ್ಷ ರೈಫಲ್‌ಗಳ ಬೇಡಿಕೆಯನ್ನು ಬೆನ್ನಿಗಿಟ್ಟುಕೊಂಡು ಬ್ಯಾಂಕೊಂದರ ಪಾಲುದಾರಿಕೆಯಲ್ಲಿ ಅವರು ಮಠದ ಕಟ್ಟಡದ ರಾಜ ಕಾರ್ಖಾನೆಯನ್ನೇ ಖರೀದಿಸಿದರು. ಅಪ್ಪ ಕೂಲಿಗೆ ದುಡಿದ ಜಾಗಕ್ಕೆ ಮಕ್ಕಳು ಒಡೆಯರಾದರು.

ತವರಿನಲ್ಲಿ ಹಿನ್ನಡೆ

1882ರಲ್ಲಿ ವಿಲ್ಹೆಲ್ಮ್ ತೀರಿಕೊಂಡರು. ನಾಲ್ಕೇ ವರ್ಷಗಳಲ್ಲಿ ಇನ್ನೊಂದು ಆಘಾತ ಎದುರಾಯಿತು. 1886ರಲ್ಲಿ ಫ್ರಾನ್ಸ್ ಹೊಗೆಯಿಲ್ಲದ ಮದ್ದಿನ ಲೆಬೆಲ್ ರೈಫಲನ್ನು ಸೇನೆಗೆ ಕೊಟ್ಟಿತು. ಜಗತ್ತಿನ ಕಪ್ಪು ಮದ್ದಿನ ಬಂದೂಕುಗಳೆಲ್ಲ ಏಕಾಏಕಿ ಹಳತಾದವು. ಜರ್ಮನಿ ಅವಸರದಲ್ಲಿ ಸಮಿತಿಯೊಂದನ್ನು ನೇಮಿಸಿ 1888ರ ಮಾದರಿಯನ್ನು ರೂಪಿಸಿತು. ಆ ಕೆಲಸದಲ್ಲಿ ಪೌಲ್ ಮೌಸರ್ ಅವರಿಗೆ ಸ್ಥಾನವಿರಲಿಲ್ಲ. ಈ ಕಡೆಗಣನೆ ಅವರ ಬದುಕಿನ ತಿರುವು ಎನ್ನಬೇಕು. ಸಮಿತಿಯಲ್ಲಿ ಕುಳಿತಿದ್ದರೆ ಬಹುಶಃ ರಾಜಿಗಳಿಗೆ ಸಹಿ ಹಾಕಿ ಸುಮ್ಮನಾಗುತ್ತಿದ್ದರೋ ಏನೋ. ಹೊರಗುಳಿದ ಅವರು ಪರದೇಶಗಳಿಗಾಗಿ ಒಂದರ ಮೇಲೊಂದು ಮಾದರಿ ಕಡೆದರು.

1889ರ ಬೆಲ್ಜಿಯಂ ರೈಫಲ್ ಮೊದಲ ಹೆಜ್ಜೆ. ಬೋಲ್ಟಿನ ಮುಂತುದಿಯಲ್ಲಿ ಎದುರುಬದುರಾಗಿ ಎರಡು ದಪ್ಪ ಉಬ್ಬುಗಳು. ಲಗ್ ಎಂದು ಕರೆಯುವ ಈ ಉಬ್ಬುಗಳು ರಿಸೀವರ್‌ನ ಗಾಡಿಗಳಲ್ಲಿ ಕಚ್ಚಿಕೊಂಡು ಸಿಡಿತದ ಒತ್ತಡವನ್ನು ತಡೆಯುತ್ತವೆ. ಐದು ತೋಟಾಗಳನ್ನು ತಗಡಿನ ಪಟ್ಟಿಯಿಂದ ಹೆಬ್ಬೆರಳಿನಲ್ಲಿ ಒತ್ತಿ ಒಂದೇ ಸಲ ತುಂಬುವ ಉಪಾಯವೂ ಅದರಲ್ಲಿತ್ತು. ಅದನ್ನು ತಯಾರಿಸಲೆಂದೇ ಬೆಲ್ಜಿಯಂನ ಹರ್ಸ್ಟಾಲ್‌ನಲ್ಲಿ ಎಫ್‌ಎನ್ ಕಾರ್ಖಾನೆ ಹುಟ್ಟಿತು. ಅನಂತರ ತುರ್ಕಿ, ಅರ್ಜೆಂಟೀನಾ. 1893ರ ಸ್ಪೇನ್ ಮಾದರಿಯಲ್ಲಿ ತೋಟಾಗಳು ಎರಡು ಸಾಲಾಗಿ, ಮರದೊಳಗೇ ಅಡಗಿ ಕೂರುವ ಮ್ಯಾಗಝಿನ್ ಬಂತು. ತೋಟಾದ ಬುಡವನ್ನು ಹಿಡಿದು ನಳಿಗೆಗೆ ಒಯ್ದು, ಮತ್ತೆ ಅಷ್ಟೇ ಬಿಗಿಯಾಗಿ ಹೊರಗೆಳೆಯುವ ಉದ್ದನೆಯ ಉಕ್ಕಿನ ಪಂಜವೂ ಅದರಲ್ಲಿತ್ತು. ಸ್ವೀಡನ್ 1894ರಲ್ಲಿ ಕಾರ್ಬೈನನ್ನೂ 1896ರಲ್ಲಿ ರೈಫಲನ್ನೂ ಒಪ್ಪಿಕೊಂಡಿತು.

ಆದರೆ ಈ ಮಾದರಿಗಳ ರಕ್ಷಣೆಗೆ ಒಂದು ಮಿತಿಯಿತ್ತು. ತೋಟಾದ ಕೋಶ ಬಿರಿದರೆ ಅಥವಾ ಅದರ ಬುಡದ ಪ್ರೈಮರ್ ತೂತಾದರೆ ಕಾದ ಅನಿಲ ಬೋಲ್ಟಿನ ಗುಂಟ ಹಿಂದಕ್ಕೆ ನುಗ್ಗಿ ನೇರ ಗುರಿಕಾರನ ಮುಖಕ್ಕೆ ಬರುತ್ತಿತ್ತು. ಮುಂದಿನ ಎರಡು ಲಗ್‌ಗಳೇ ಮುರಿದರೆ ಬೋಲ್ಟನ್ನು ತಡೆಯಲು ಹಿಡಿಕೆಯ ಬುಡದ ಹೊರತು ಬೇರೇನೂ ಇರಲಿಲ್ಲ. ಪೌಲ್ 1895ರಲ್ಲಿ ಪೇಟೆಂಟ್ ಕೋರಿದ್ದು ಈ ಅಪಾಯಗಳಿಗೆ ಉತ್ತರವಾಗಿ. 1898ರ ಏಪ್ರಿಲ್ 5ರಂದು ಜರ್ಮನ್ ಸೇನೆ ಅಂಗೀಕರಿಸಿದ ರೈಫಲ್‌ನಲ್ಲಿ ಆ ತಿದ್ದುಪಡಿಗಳೆಲ್ಲ ಉಕ್ಕಿನಲ್ಲಿ ಮೂಡಿದ್ದವು. ಹತ್ತು ವರ್ಷ ಹಿಂದೆ ಹೊರಗಿಟ್ಟವರೇ ಆಗ ಮನೆ ಬಾಗಿಲಿಗೆ ಬಂದಿದ್ದರು.

ಮೂರನೆಯ ಲಗ್

1898ರ ಆಕ್ಷನ್‌ನ ಬೋಲ್ಟನ್ನು ಹೊರತೆಗೆದರೆ ಹಿಡಿಕೆಗೆ ಹತ್ತಿರ ಮೂರನೆಯ ಲಗ್ ಕಾಣುತ್ತದೆ. ಮಾಮೂಲಿ ದಿನಗಳಲ್ಲಿ ಅದಕ್ಕೆ ಯಾವ ಭಾರವೂ ಇಲ್ಲ. ಮುಂದಿನ ಎರಡೂ ಸೋತ ದಿನಕ್ಕಷ್ಟೇ ಅದರ ಕೆಲಸ. ಬೋಲ್ಟಿನ ಒಡಲಲ್ಲಿ ಎರಡು ಅಗಲ ತೂತುಗಳಿದ್ದು ಸೋರಿದ ಅನಿಲವನ್ನು ಮುಖದಿಂದ ದೂರಕ್ಕೆ ತಿರುಗಿಸುತ್ತವೆ. ಹಿಂಭಾಗದ ತೋಳು ಅಗಲವಾಗಿ ಚಾಚಿಕೊಂಡು ಕಣ್ಣಿಗೆ ಗುರಾಣಿಯಾಗುತ್ತದೆ. ನಳಿಗೆ ಕೂರುವ ರಿಸೀವರ್‌ನ ಉಂಗುರದ ವ್ಯಾಸ ಹಿಂದಿನ ಮಾದರಿಗಳಲ್ಲಿ ಸುಮಾರು 33 ಮಿ.ಮೀ. ಇದ್ದುದು ಇಲ್ಲಿ ಸುಮಾರು 36 ಮಿ.ಮೀ. ಆಯಿತು. ಒಳಗೆ ನಳಿಗೆಯ ಬುಡ ಒರಗುವಂತೆ ಒಂದು ಕಾಲರ್ ಸೇರಿತು. ಕೈಗೆ ತಿಳಿಯುವ ವ್ಯತ್ಯಾಸವೂ ಉಂಟು. 1893, 1895, 1896ರ ಮಾದರಿಗಳಲ್ಲಿ ಬೋಲ್ಟನ್ನು ಮುಂದಕ್ಕೆ ನೂಕುವಾಗ ಸ್ಪ್ರಿಂಗ್ ಬಿಗಿಯಾಗುತ್ತದೆ, 1898ರಲ್ಲಿ ಹಿಡಿಕೆಯನ್ನು ಮೇಲೆತ್ತುವಾಗ.

ಇದೇ 1898ರ ಜುಲೈಯಲ್ಲಿ ಕ್ಯೂಬಾದ ಸಾನ್ ಹುವಾನ್ ಗುಡ್ಡದಲ್ಲಿ, ಸ್ಪೇನ್ ಸೈನಿಕರ ಕೈಲಿದ್ದ 1893ರ ಮೌಸರ್‌ಗಳು ಸಂಖ್ಯೆಯಲ್ಲಿ ಎಷ್ಟೋ ಪಾಲು ಹೆಚ್ಚಿದ್ದ ಅಮೆರಿಕನ್ ಪಡೆಗೆ ಭಾರೀ ಹಾನಿ ಮಾಡಿದವು. ಮರುವರ್ಷ ದಕ್ಷಿಣ ಆಫ್ರಿಕದಲ್ಲಿ ಬೋಯರ್ ರೈತರ ಮೌಸರ್‌ಗಳು ಬ್ರಿಟಿಷರಿಗೆ ಅದೇ ಪಾಠ ಕಲಿಸಿದವು. ಅಮೆರಿಕ ತನ್ನ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್‌ನಲ್ಲಿ ಮೌಸರ್ ಪೇಟೆಂಟ್‌ಗಳನ್ನು ಬಳಸಿಕೊಂಡಿದ್ದಕ್ಕೆ ಒಟ್ಟು 2 ಲಕ್ಷ ಡಾಲರ್ ಗೌರವಧನ ತೆರಬೇಕಾಯಿತು.

ಇಂಥ ವ್ಯಾಪಾರದಲ್ಲಿ ಶತ್ರು ಮಿತ್ರರೆಂಬ ಭೇದವಿಲ್ಲ. ಮೌಸರ್ ಅವರನ್ನು ಬರೀ ಕುಶಲಕರ್ಮಿಯೆಂದು ಹೊಗಳುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ಹಣ ಕೊಟ್ಟ ಸರ್ಕಾರಕ್ಕೆಲ್ಲ ಓಬರ್ನ್‌ಡಾರ್ಫ್ ಬಂದೂಕು ಕೊಟ್ಟಿತು. 1898ರಿಂದ 1903ರವರೆಗೆ ಅವರು ಜರ್ಮನ್ ಸಂಸತ್ತಿನ ಸದಸ್ಯರೂ ಆಗಿದ್ದರು.

ಗುರಿಕಾರನ ಕಣ್ಣು ಕಾಯುವ ಆಕ್ಷನ್ ಕೊಟ್ಟವರು ತಮ್ಮ ಕಣ್ಣನ್ನು ಕಳೆದುಕೊಂಡಿದ್ದು ವಿಧಿಯ ವಿಪರ್ಯಾಸ. ತೋಟಾ ತಾನಾಗಿ ತುಂಬಿಕೊಳ್ಳುವ ರೈಫಲ್ ಅವರ ಕೊನೆಯ ಹಂಬಲವಾಗಿತ್ತು. 1901ರಲ್ಲಿ ಅಂಥದೊಂದು ಮಾದರಿಯ ಪರೀಕ್ಷೆ ನಡೆದಾಗ ಅದು ಸಿಡಿದು ಒಂದು ಕಣ್ಣು ಹೋಯಿತು. ಆಗ ಅವರಿಗೆ ಅರವತ್ತು ದಾಟಿತ್ತು. ಕೆಲಸ ನಿಲ್ಲಿಸಲಿಲ್ಲ, ಆದರೆ ಆ ಹಂಬಲ ಕೈಗೂಡಲೂ ಇಲ್ಲ. 1912ರಲ್ಲಿ ವುರ್ಟೆಂಬರ್ಗ್ ರಾಜರು ಕುಲೀನ ಪದವಿ ನೀಡಿದರು. 1914ರ ಮೇ 29ರಂದು, 76ಕ್ಕೆ ಕಾಲಿಡಲು ಒಂದು ತಿಂಗಳಿಗೂ ಕಡಿಮೆ ಇರುವಾಗ ಓಬರ್ನ್‌ಡಾರ್ಫ್‌ನಲ್ಲೇ ನಿಧನರಾದರು. ಎರಡು ತಿಂಗಳಲ್ಲಿ ಮಹಾಯುದ್ಧ ಸ್ಫೋಟಿಸಿತು. ಜರ್ಮನ್ನರು, ಬೆಲ್ಜಿಯನ್ನರು, ಸರ್ಬಿಯನ್ನರು, ತುರ್ಕರು ಹೀಗೆ ಎರಡೂ ಕಡೆಯವರು ಹೆಗಲಿಗೇರಿಸಿದ್ದು ಅವರ ವಿನ್ಯಾಸವನ್ನೇ.

ಬೇಟೆಗಾರರ ಕೈಗೆ

ಸೇನೆಯ ಆಕ್ಷನ್ ಬೇಟೆಯ ಬಂದೂಕಾದದ್ದು ಮೌಸರ್ ಬದುಕಿದ್ದಾಗಲೇ. ಲಂಡನ್ನಿನ ರಿಗ್ಬಿ ಕಂಪನಿ ಓಬರ್ನ್‌ಡಾರ್ಫ್‌ನಿಂದ ಆಕ್ಷನ್‌ಗಳನ್ನು ತರಿಸಿ ತನ್ನ ನಳಿಗೆ ಜೋಡಿಸಿ ಮಾರುತ್ತಿತ್ತು. ಪೂರ್ಣಚಂದ್ರ ತೇಜಸ್ವಿ ಅವರ ಅನುವಾದದ ಮೂಲಕ ಕನ್ನಡಿಗರಿಗೆ ಹತ್ತಿರವಾದ ಜಿಮ್ ಕಾರ್ಬೆಟ್‌ಗೆ, 1907ರಲ್ಲಿ ಚಂಪಾವತ್‌ನ ನರಭಕ್ಷಕಿಯನ್ನು ಕೊಂದದ್ದಕ್ಕೆ ಉಡುಗೊರೆಯಾಗಿ ಬಂದ ರಿಗ್ಬಿ ರೈಫಲ್‌ನ ಒಡಲೂ ಮೌಸರ್‌ನದೇ. ಅದರ .275 ತೋಟಾ, ಸ್ಪೇನ್ ಸೇನೆಯ 7 ಮಿ.ಮೀ. ಮೌಸರ್ ತೋಟಾಕ್ಕೆ ರಿಗ್ಬಿ ಇಟ್ಟ ಇಂಗ್ಲಿಷ್ ಹೆಸರಷ್ಟೆ.

ಎರಡು ಮಹಾಯುದ್ಧಗಳ ನಡುವೆ ಜೆಕ್ ದೇಶದ ಬರ್ನೋ, ಬೆಲ್ಜಿಯಂನ ಹರ್ಸ್ಟಾಲ್, ಯುಗೊಸ್ಲಾವಿಯಾದ ಕ್ರಾಗುಯೆವಾಟ್ಸ್ ಮುಂತಾದೆಡೆ 1898ರ ಆಕ್ಷನ್‌ಗಳು ಲಕ್ಷಗಟ್ಟಲೆ ತಯಾರಾದವು. ಓಬರ್ನ್‌ಡಾರ್ಫ್ ಕಾರ್ಖಾನೆಯನ್ನು ಎರಡನೇ ಮಹಾಯುದ್ಧ ಮುಗಿದ ಮೇಲೆ ಫ್ರೆಂಚ್ ಸೇನೆ ಕೆಡವಿತು, ದಾಖಲೆಗಳೂ ನಾಶವಾದವು. ಹಾಗಾಗಿ ಬಿಡಿಯಾಗಿ ಸಿಗುವ ಆಕ್ಷನ್‌ನ ಜಾತಕವನ್ನು ಅದರ ಉಕ್ಕಿನ ಮೇಲೆಯೇ ಓದಬೇಕು. ಉಂಗುರದ ಮೇಲೆ ಅರ್ಧಚಂದ್ರವಿದ್ದರೆ ತುರ್ಕಿ, ಕಿರೀಟದ ಕೆಳಗೆ ಕಾರ್ಲ್ ಗುಸ್ತಾಫ್ ಎಂದಿದ್ದರೆ ಸ್ವೀಡನ್, ಸಿಂಹ ಸೂರ್ಯರಿದ್ದರೆ ಪರ್ಷಿಯಾ. ಬಿ-ವೈ-ಎಫ್ ಎಂಬ ಗುಪ್ತಾಕ್ಷರ ಎರಡನೇ ಮಹಾಯುದ್ಧ ಕಾಲದ ಓಬರ್ನ್‌ಡಾರ್ಫ್‌ನದು. ಅಂದಗಾಣಿಸುವ ಆತುರದಲ್ಲಿ ಈ ಮುದ್ರೆಗಳನ್ನು ಉಜ್ಜಿ ಹಾಕಿದ ಆಕ್ಷನ್‌ಗಳು ಇಂದು ರಾಶಿ ರಾಶಿಯಾಗಿವೆ. ಹಾಗೆ ಉಜ್ಜುವುದರಿಂದ ಮೇಲ್ಮೈಗೆ ಕೊಟ್ಟ ಗಡಸುತನವೂ ತೆಳುವಾಗುತ್ತದೆ.

ಮುದ್ರೆ ಉಳಿದಿದ್ದರೂ ಅದೊಂದನ್ನೇ ನಂಬುವಂತಿಲ್ಲ. ಒಂದೇ ದೇಶ ಹಲವು ಕಾಲದ ಮಾದರಿಗಳನ್ನು ಕೊಂಡಿರುತ್ತದೆ. ತುರ್ಕಿಯ 1938ರ ರೈಫಲ್‌ಗಳಲ್ಲಿ ಉಂಗುರ ಹೊರಗಿನಿಂದ ದೊಡ್ಡದು, ಒಳಗಿನ ಮರೆ ಮಾತ್ರ ಸಣ್ಣ ಉಂಗುರದ ಅಳತೆಯದು. ಹೊರಗಿನ ವ್ಯಾಸ ನೋಡಿ ತರಿಸಿದ ನಳಿಗೆ ಅಲ್ಲಿ ಕೂರುವುದಿಲ್ಲ. ಯುಗೊಸ್ಲಾವಿಯಾದ ಆಕ್ಷನ್‌ಗಳು ಉಳಿದವುಗಳಿಗಿಂತ ಸುಮಾರು 6 ಮಿ.ಮೀ. ಮೋಟು. ಅವಕ್ಕೆ ಬೇರೆ ಮಾದರಿಯ ಮರದ ಹಿಡಿ ಹೊಂದುವುದಿಲ್ಲ. ಇವೆಲ್ಲ ಹಣ ಮತ್ತು ಸಮಯದ ನಷ್ಟ, ಅಷ್ಟೆ.

ಸ್ಪೇನ್‌ನ ಉದಾಹರಣೆ ಹಾಗಲ್ಲ. ಆ ದೇಶ ತನ್ನ ಹಳೆಯ ಮೌಸರ್‌ಗಳನ್ನು 7.62 ಮಿ.ಮೀ. ತೋಟಾಕ್ಕೆ ಬದಲಿಸಿ ಎಫ್‌ಆರ್-7, ಎಫ್‌ಆರ್-8 ಎಂಬ ಎರಡು ರೈಫಲ್ ಮಾಡಿತು. ಎರಡಕ್ಕೂ ಒಂದೇ ಬಗೆಯ ಮೋಟು ನಳಿಗೆ, ಅದರ ಕೆಳಗೆ ಒಂದೇ ಬಗೆಯ ಕೊಳವೆ. ಗೋಡೆಗೆ ಒರಗಿಸಿಟ್ಟರೆ ಅವಳಿಗಳಂತೆ ಕಾಣುತ್ತವೆ. ಆದರೆ ಎಫ್‌ಆರ್-7 ಕಟ್ಟಿರುವುದು 1893ರ ವಂಶದ ಆಕ್ಷನ್ ಮೇಲೆ, ಎಫ್‌ಆರ್-8 ಕಟ್ಟಿರುವುದು 1898ರದರ ಮೇಲೆ. ಬೋಲ್ಟನ್ನು ಹಿಂದಕ್ಕೆಳೆದು ಕೈಗೆ ತೆಗೆದುಕೊಂಡು, ಹಿಡಿಕೆಯ ಹತ್ತಿರ ಆ ಮೂರನೆಯ ಲಗ್ ಇದೆಯೇ ಎಂದು ಬೆರಳಾಡಿಸಿದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ.