ಕಿಡಿಯನ್ನು ಪಳಗಿಸಿದ ಕುಶಲಕರ್ಮಿ: ರಾಬರ್ಟ್ ಬಾಷ್

ಆದವಾನಿಯ ಸುತ್ತಣ ಎರೆಹೊಲಗಳಲ್ಲಿ ಹತ್ತಿಗೆ ಔಷಧಿ ಹೊಡೆಯುವ ಪೆಟ್ರೋಲ್ ಯಂತ್ರವನ್ನೂ, ಬದುಗಳಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನು ಕತ್ತರಿಸುವ ಚೈನ್ ಗರಗಸವನ್ನೂ ನಮ್ಮ ವಿದ್ಯಾರ್ಥಿಗಳು ನೋಡಿಯೇ ಇರುತ್ತಾರೆ. ಹಗ್ಗ ಎಳೆದೊಡನೆ ಯಂತ್ರ ಗುರ್ರೆಂದರೆ ಕೆಲಸ ಸಲೀಸು. ಹತ್ತು ಸಲ ಎಳೆದರೂ ಅದು ಉಸಿರೆತ್ತದಿದ್ದರೆ ಕೂಲಿಯವರು ಸುಮ್ಮನೆ ಕೂರಬೇಕು, ಒಂದು ದಿನದ ದುಡಿಮೆಯೇ ನಷ್ಟ. ಆ ಯಂತ್ರದಲ್ಲಿ ಬ್ಯಾಟರಿ ಇಲ್ಲ. ಆದರೂ ಅದರೊಳಗೆ ಬೆಂಕಿಯ ಕಿಡಿ ಹುಟ್ಟುತ್ತದೆ. ಆ ಕಿಡಿಯನ್ನು ನಂಬಿಕೆಗೆ ಅರ್ಹವಾಗುವಂತೆ ಮಾಡಿದ ಮಹನೀಯರಲ್ಲಿ ಜರ್ಮನಿಯ ರಾಬರ್ಟ್ ಬಾಷ್ ಅಗ್ರಗಣ್ಯರು. ಅವರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಬಾಷ್ ಅವರು 1861ರ ಸೆಪ್ಟೆಂಬರ್ 23ರಂದು ಉಲ್ಮ್ ನಗರದ ಹತ್ತಿರದ ಆಲ್‌ಬೆಕ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಒಕ್ಕಲುತನದ ಜೊತೆಗೆ ಒಂದು ವಸತಿಗೃಹವನ್ನೂ ನಡೆಸುತ್ತಿದ್ದರು. ಹನ್ನೆರಡು ಮಕ್ಕಳಲ್ಲಿ ಬಾಷ್ ಹನ್ನೊಂದನೆಯವರು. ಶಾಲೆಯನ್ನು ಮುಗಿಸಿ ಉಲ್ಮ್‌ನಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಸೇರಿದರು. ಆದರೆ ಅಲ್ಲಿಯ ಗುರುವಿಗೆ ಕಲಿಸುವುದರಲ್ಲಿ ಆಸಕ್ತಿ ಇರಲಿಲ್ಲ. ಹುಡುಗರು ತಮಗೆ ತಿಳಿದಷ್ಟನ್ನು ತಾವೇ ಕಲಿಯಬೇಕಾಯಿತು. ಆ ಕೊರಗು ಬಾಷ್ ಅವರ ಮನಸ್ಸಿನಿಂದ ಕೊನೆಯವರೆಗೂ ಅಳಿಯಲಿಲ್ಲ. ಅದರಿಂದ ಮುಂದೆ ಎಂಥ ಒಳಿತಾಯಿತೆಂಬುದನ್ನು ಆಮೇಲೆ ಹೇಳುತ್ತೇವೆ.

ಕಲಿಕೆಯ ಹಸಿವಿನಿಂದ ಅವರು ಊರೂರು ತಿರುಗಿದರು. 1884ರಲ್ಲಿ ಅಮೆರಿಕಕ್ಕೆ ಹೋಗಿ ಎಡಿಸನ್ನರ ಸಂಸ್ಥೆಯಲ್ಲಿ ದುಡಿದರು. ಬಳಿಕ ಇಂಗ್ಲೆಂಡಿನಲ್ಲಿ ಸೀಮೆನ್ಸ್ ಸಂಸ್ಥೆಯಲ್ಲಿ ಕೆಲಸ ಮಾಡಿ ತಾಯ್ನಾಡಿಗೆ ಮರಳಿದರು. 1886ರ ನವೆಂಬರ್ 15ರಂದು ಸ್ಟಟ್‌ಗಾರ್ಟ್ ನಗರದಲ್ಲಿ ಒಂದು ಸಣ್ಣ ಕಾರ್ಯಾಗಾರ ತೆರೆದರು. ಜೊತೆಗಿದ್ದವರು ಒಬ್ಬ ಕುಶಲ ಕೆಲಸಗಾರ ಮತ್ತು ಒಬ್ಬ ಚಿಕ್ಕ ಹುಡುಗ, ಇಬ್ಬರೇ. ಟೆಲಿಫೋನು, ವಿದ್ಯುತ್ ಗಂಟೆ, ಹೀಗೆ ಬಂದ ಕೆಲಸವನ್ನೆಲ್ಲ ಮಾಡಿ ಹೊಟ್ಟೆ ಹೊರೆದರು. ಮೊದಲ ವರ್ಷಗಳಲ್ಲಿ ಸಾಲಸೋಲ ತಪ್ಪಲಿಲ್ಲ.

1887ರಲ್ಲಿ ಒಬ್ಬ ಗಿರಾಕಿ ಬಂದು, ತನ್ನ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಬೇಕೆಂದನು. ಅಯಸ್ಕಾಂತದ ಬಳಿ ತಂತಿಯ ಸುರುಳಿ ಚಲಿಸಿದರೆ ವಿದ್ಯುತ್ ಹುಟ್ಟುತ್ತದೆಂಬುದನ್ನು ಫ್ಯಾರಡೆ 1831ರಲ್ಲಿಯೇ ತೋರಿಸಿದ್ದರು. ಆ ತತ್ತ್ವದಿಂದಲೇ ನಡೆಯುವ ಉಪಕರಣ ಇದು. ಬಾಷ್ ಅವರು ಅದೇ ಬಗೆಯ ಉಪಕರಣವೊಂದನ್ನು ಕಣ್ಣಾರೆ ಕಂಡು, ಅದನ್ನು ತಿದ್ದಿ, ಇನ್ನೂ ಉತ್ತಮವಾಗಿ ಮಾಡಿಕೊಟ್ಟರು. ಆದರೆ ಅದು ನಿಧಾನವಾಗಿ ತಿರುಗುವ, ನಿಂತಲ್ಲೇ ನಿಲ್ಲುವ ಎಂಜಿನ್ನಿಗೆ ಮಾತ್ರ ಸರಿಯಾಗಿತ್ತು. ವೇಗದ ಮೋಟಾರು ವಾಹನಕ್ಕೆ ಅದರ ಭಾರವಾದ ಭಾಗ ಅಷ್ಟು ಚುರುಕಾಗಿ ಅಲುಗುತ್ತಿರಲಿಲ್ಲ. 1897ರಲ್ಲಿ ಮೂರು ಗಾಲಿಯ ವಾಹನವೊಂದಕ್ಕೆ ಅದನ್ನು ಹೊಂದಿಸಬೇಕಾಗಿ ಬಂದಾಗ, ಅವರ ಮೇಸ್ತ್ರಿ ಆರ್ನಾಲ್ಡ್ ತ್ಸೇರಿಂಗರ್ ಭಾರದ ಭಾಗವನ್ನು ಸ್ಥಿರವಾಗಿ ನಿಲ್ಲಿಸಿ, ಅದರ ಸುತ್ತ ಹಗುರವಾದ ಲೋಹದ ಕವಚವನ್ನಷ್ಟೇ ಅಲುಗಿಸುವ ಉಪಾಯ ಕಂಡುಹಿಡಿದರು. ಆಮೇಲೆ ಗಾಟ್‌ಲೋಬ್ ಹೊನೋಲ್ಡ್ ಎಂಬ ಎಂಜಿನಿಯರು ಒಂದೇ ತಿರುಳಿನ ಮೇಲೆ ದಪ್ಪ ತಂತಿಯ ಕೆಲವು ಸುತ್ತುಗಳನ್ನೂ ಸಣ್ಣ ತಂತಿಯ ಬಹಳ ಸುತ್ತುಗಳನ್ನೂ ಸುತ್ತಿ ಹೆಚ್ಚು ಒತ್ತಡದ ವಿದ್ಯುತ್ ಪಡೆದರು. ಅದು ಸ್ಪಾರ್ಕ್ ಪ್ಲಗ್ಗಿನ ತುದಿಯ ಸಂದನ್ನು ಹಾರಿ ಕಿಡಿಯಾಗುತ್ತಿತ್ತು. 1902ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಒಬ್ಬರ ಬುದ್ಧಿಗಿಂತ ಒಂದು ತಂಡದ ಬುದ್ಧಿ ಹೆಚ್ಚೆಂಬುದನ್ನು ಬಾಷ್ ಬಲ್ಲವರಾಗಿದ್ದರು.

ಅದೇ ಸ್ಟಟ್‌ಗಾರ್ಟ್ ನಗರದಲ್ಲಿ 1926ರಲ್ಲಿ ಆಂಡ್ರಿಯಾಸ್ ಸ್ಟೀಲ್ ಎಂಬವರು ಮರ ಕೊಯ್ಯುವ ಚೈನ್ ಗರಗಸಗಳ ಉದ್ಯಮ ಆರಂಭಿಸಿದರು. 1929ರಲ್ಲಿ ಅವರ ಪೆಟ್ರೋಲ್ ಗರಗಸ ಹೊರಬಂತು. ಇಂದಿನ ಗರಗಸದಲ್ಲಿಯೂ ಇರುವುದು ಮ್ಯಾಗ್ನೆಟೊ ತತ್ತ್ವವೇ. ತಿರುಗುವ ಫ್ಲೈವೀಲಿನಲ್ಲಿ ಅಯಸ್ಕಾಂತ, ಪಕ್ಕದಲ್ಲಿ ಕಾಯಿಲು, ಅಲ್ಲಿಂದ ಒಂದು ತಂತಿ, ಅದರ ತುದಿಗೆ ಪ್ಲಗ್ಗು. ನಿಮಿಷಕ್ಕೆ 9000 ಸುತ್ತು ತಿರುಗುವ ಎರಡು ಸ್ಟ್ರೋಕಿನ ಯಂತ್ರದಲ್ಲಿ ಸೆಕೆಂಡಿಗೆ 150 ಕಿಡಿ ಹಾರಬೇಕು. ಹೀಗಿರುವಾಗ ಎಲ್ಲಿಯೋ ಒಂದು ಕಡೆ ಲೋಪವಾಗುವುದು ಸಹಜ.

ಲೋಪವನ್ನು ಹುಡುಕುವುದರಲ್ಲಿ ಒಂದು ಕ್ರಮವಿದೆ. ಬಲ್ಲ ಮೆಕ್ಯಾನಿಕ್ಕು ಕಾಯಿಲು ಸುಟ್ಟಿದೆಯೆಂದು ಮೊದಲೇ ತೀರ್ಮಾನಿಸುವುದಿಲ್ಲ. ಸ್ವಿಚ್ಚು ಚಾಲೂ ಇದೆಯೇ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂದು ಮೊದಲು ನೋಡುತ್ತಾನೆ. ಅನಂತರ ಪ್ಲಗ್ಗನ್ನು ಬಿಚ್ಚುತ್ತಾನೆ. ಅದು ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೆ ಕಿಡಿ ಬರುತ್ತಿಲ್ಲ. ಮಸಿ ಹಿಡಿದಿದ್ದರೆ ಒರೆಸಿ, ತುದಿಯ ಸಂದು ಸುಮಾರು ಅರ್ಧ ಮಿಲಿಮೀಟರ್ ಇದೆಯೇ ಎಂದು ಅಳೆಯುತ್ತಾನೆ. ಆಮೇಲೆ ಒಳ್ಳೆಯದೆಂದು ಗೊತ್ತಿರುವ ಬೇರೊಂದು ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆದು ನೋಡುತ್ತಾನೆ. ನೀಲಿ ಕಿಡಿ ಹಾರಿದರೆ ಲೋಪ ಹಳೆಯ ಪ್ಲಗ್ಗಿನದು. ಹಾರದಿದ್ದರೆ ಸ್ವಿಚ್ಚಿನಿಂದ ಕಾಯಿಲಿಗೆ ಹೋಗುವ ತಂತಿಯನ್ನು ಬಿಡಿಸಿ ಮತ್ತೆ ಪರೀಕ್ಷಿಸುತ್ತಾನೆ. ಈಗ ಕಿಡಿ ಬಂದರೆ ದೋಷ ಸ್ವಿಚ್ಚಿನದೋ ಅದರ ತಂತಿಯದೋ ಆಗಿರುತ್ತದೆ. ಆಗಲೂ ಬಾರದಿದ್ದರೆ ಪ್ಲಗ್ಗಿನ ತಂತಿ ಬಿರುಕು ಬಿಟ್ಟಿದೆಯೇ, ಅಯಸ್ಕಾಂತಕ್ಕೆ ತುಕ್ಕು ಹಿಡಿದಿದೆಯೇ, ಅದಕ್ಕೂ ಕಾಯಿಲಿಗೂ ನಡುವಣ ಕೂದಲೆಳೆಯಷ್ಟರ ಅಂತರ ಸರಿಯಿದೆಯೇ ಎಂದು ನೋಡುತ್ತಾನೆ. ಇವೆಲ್ಲ ಸರಿಯಿದ್ದರೆ ಮಾತ್ರ ಕಾಯಿಲಿನ ಮೇಲೆ ಸಂಶಯ. ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ. ಪೆಟ್ರೋಲ್ ಚೆಲ್ಲಿದ ಕಡೆ ಈ ಪರೀಕ್ಷೆ ಮಾಡಿದರೆ ಬೆಂಕಿ ಹತ್ತಬಹುದು. ಆದ್ದರಿಂದ ಮಕ್ಕಳು ಹಿರಿಯರು ಮಾಡುವುದನ್ನು ದೂರ ನಿಂತು ನೋಡಿ ಕಲಿಯಬೇಕೇ ಹೊರತು ತಾವಾಗಿ ಕೈಹಾಕಬಾರದು.

ಕಾರಣ ತಿಳಿಯದವನು ಒಂದೊಂದೇ ಭಾಗವನ್ನು ಬದಲಿಸುತ್ತ ಹೋಗುತ್ತಾನೆ. ರೈತನ ಜೇಬು ಬರಿದಾಗುತ್ತದೆ. ಏಕೆ ಎಂಬುದನ್ನು ಯಾರೂ ಕಲಿಸದಿರುವುದೇ ಇದಕ್ಕೆ ಮೂಲ. ತಮಗೆ ಸರಿಯಾದ ಕಲಿಕೆ ದೊರೆಯಲಿಲ್ಲವೆಂಬ ಕೊರಗಿನಿಂದ ಬಾಷ್ ಅವರು 1913ರಲ್ಲಿ ತಮ್ಮ ಕಾರ್ಖಾನೆಯಲ್ಲಿ ಕಲಿಯುವ ಹುಡುಗರಿಗಾಗಿಯೇ ಪ್ರತ್ಯೇಕ ತರಬೇತಿ ವಿಭಾಗ ತೆರೆದರು. ಅದಕ್ಕೆ ಮುಂಚೆ 1906ರಲ್ಲಿಯೇ ಕೆಲಸಗಾರರಿಗೆ ದಿನಕ್ಕೆ ಎಂಟು ಗಂಟೆಗಳ ದುಡಿಮೆಯನ್ನು ಜಾರಿಗೆ ತಂದಿದ್ದರು. ಅಂದಿನ ಕಾಲಕ್ಕೆ ಅದು ದೊಡ್ಡ ಮಾತು. ಹಾಗೆಂದು ಅವರ ಹಾದಿ ಹೂವಿನದಾಗಿರಲಿಲ್ಲ. 1913ರಲ್ಲಿ ಕಾರ್ಖಾನೆಯಲ್ಲಿ ಮುಷ್ಕರವಾಯಿತು. 1921ರಲ್ಲಿ ಹಿರಿಯ ಮಗ ರೋಗದಿಂದ ತೀರಿಕೊಂಡನು. ಹಿಟ್ಲರನ ಆಳ್ವಿಕೆಯಲ್ಲಿ ಬಾಷ್ ಯೆಹೂದ್ಯರಿಗೆ ನೆರವಾದರು, ಪ್ರತಿಭಟನೆಯ ಗುಂಪಿಗೆ ಬೆಂಬಲ ಕೊಟ್ಟರು. ಆದರೆ ಅದೇ ಕಾಲದಲ್ಲಿ ಅವರ ಸಂಸ್ಥೆ ಯುದ್ಧಸಾಮಗ್ರಿ ತಯಾರಿಸಿತು, ಬಲವಂತದಿಂದ ಕರೆತಂದವರನ್ನು ದುಡಿಸಿಕೊಂಡಿತು. ಮಹನೀಯರ ಚರಿತ್ರೆಯಲ್ಲಿ ಬೆಳಕಿನ ಜೊತೆಗೆ ನೆರಳನ್ನೂ ನಾವು ಓದಬೇಕು. 1940ರಲ್ಲಿ ಸ್ಟಟ್‌ಗಾರ್ಟಿನಲ್ಲಿ ಅವರ ಹೆಸರಿನ ಆಸ್ಪತ್ರೆ ಆರಂಭವಾಯಿತು. 1942ರ ಮಾರ್ಚ್ 12ರಂದು ಅವರು ಕೀರ್ತಿಶೇಷರಾದರು.

ಅವರ ಕಿಡಿ ಕನ್ನಡ ನಾಡಿಗೂ ಬಂದಿತು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ನಮ್ಮ ಹಿರಿಯರೆಲ್ಲರ ಬಾಯಲ್ಲಿದ್ದ ಮೈಕೊ, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಎಂಜಿನ್ನಿನ ಪಂಪುಗಳನ್ನೂ ತಯಾರಿಸತೊಡಗಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಆ ಕಾರ್ಖಾನೆ ತಲೆಯೆತ್ತುತ್ತಿದ್ದ ಕಾಲದಲ್ಲಿಯೇ, 1953ರ ಅಕ್ಟೋಬರ್ 1ರಂದು, ಆದವಾನಿ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಗಡಿ ಬದಲಾದರೂ ಕೈಕಸುಬಿಗೆ ಗಡಿಯಿಲ್ಲ.

ನಮ್ಮ ಶಾಲೆಯ ಮಕ್ಕಳೆಲ್ಲ ಡಾಕ್ಟರು, ಎಂಜಿನಿಯರು ಆಗಲಾರರು. ಕೆಲವರು ಐ.ಟಿ.ಐ.ಗೆ ಹೋಗುತ್ತಾರೆ, ಕೆಲವರು ರಿಪೇರಿ ಅಂಗಡಿ ಸೇರುತ್ತಾರೆ. ಅದು ಕೀಳಲ್ಲವೆಂದು ಪೋಷಕರಲ್ಲಿ ನಮ್ಮ ಅರಿಕೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಎಣ್ಣೆ ಹತ್ತಿದ ಕೈಗೂ ಸಲ್ಲುತ್ತದೆ. ಮಗನನ್ನೋ ಮಗಳನ್ನೋ ಕೆಲಸ ಕಲಿಯಲು ಬಿಡುವಾಗ, ಅಲ್ಲಿ ಕಾರಣವನ್ನೂ ಕಲಿಸುತ್ತಾರೆಯೇ ಎಂದು ವಿಚಾರಿಸಿರಿ. ವಿದ್ಯಾರ್ಥಿಗಳೇ, ಗುರುಗಳು ಏಕೆಂದು ಹೇಳುವುದನ್ನು ಮರೆತರೆ ನೀವು ಕೇಳುವುದನ್ನು ಮರೆಯಬೇಡಿರಿ.