ಯುದ್ಧದ ಕತ್ತಲೆಯಲ್ಲಿ ಬಾನನ್ನು ಅಳೆದ ವಾಲ್ಟರ್ ಬಾಡೆ

ವಿಮಾನ ದಾಳಿಯ ಭೀತಿಯಿಂದ ಮಹಾನಗರವೊಂದು ತನ್ನ ದೀಪಗಳನ್ನು ನಂದಿಸಿದರೆ ಖಗೋಳ ವಿಜ್ಞಾನಕ್ಕೆ ಲಾಭವಾಗಬಲ್ಲುದೇ? ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ವಾಲ್ಟರ್ ಬಾಡೆಯವರ ಜೀವನವು ಈ ಪ್ರಶ್ನೆಗೆ ಉತ್ತರವಾಗಿದೆ.

ಬಾಡೆಯವರು ಶಾಲಾ ಶಿಕ್ಷಕರೊಬ್ಬರ ಮಗನಾಗಿ 1893ರ ಮಾರ್ಚ್ 24ರಂದು ಜನಿಸಿದರು. ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ 1919ರಲ್ಲಿ ಡಾಕ್ಟರೇಟ್ ಪಡೆದು ಹ್ಯಾಂಬರ್ಗ್ ವೀಕ್ಷಣಾಲಯವನ್ನು ಸೇರಿದರು. 1920ರಲ್ಲಿ ಹಿಡಾಲ್ಗೊ ಎಂಬ ಕ್ಷುದ್ರಗ್ರಹವನ್ನು ಕಂಡುಹಿಡಿದರು. 1931ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯಕ್ಕೆ ತೆರಳಿದರು. ಮಹಾಸ್ಫೋಟಗೊಂಡ ನಕ್ಷತ್ರವು ನ್ಯೂಟ್ರಾನ್ ನಕ್ಷತ್ರವಾಗಿ ಉಳಿಯಬಹುದೆಂಬ ವಿಚಾರವನ್ನು 1934ರಲ್ಲಿ ಫ್ರಿಟ್ಜ್ ಝ್ವಿಕಿಯವರೊಡನೆ ಮಂಡಿಸಿದರು.

ಅಮೆರಿಕದ ಪೌರತ್ವಕ್ಕಾಗಿ ಅವರು ಆರಂಭಿಸಿದ್ದ ಪ್ರಯತ್ನವು ಮನೆ ಬದಲಿಸುವಾಗ ಕಾಗದಪತ್ರಗಳು ಕಳೆದುಹೋದುದರಿಂದ ಅರ್ಧಕ್ಕೇ ನಿಂತಿತು. 1941ರ ಡಿಸೆಂಬರಿನಲ್ಲಿ ಅಮೆರಿಕವು ಯುದ್ಧಕ್ಕಿಳಿದಾಗ ಆ ಕಾಗದದ ಬೆಲೆ ತಿಳಿಯಿತು. ಹತ್ತು ವರ್ಷ ಅಲ್ಲಿಯೇ ನೆಲೆಸಿದ್ದ ಬಾಡೆಯವರು ಸರಕಾರದ ದೃಷ್ಟಿಯಲ್ಲಿ ಶತ್ರುದೇಶದ ಪ್ರಜೆಯಾದರು. ರಾತ್ರಿ ಮನೆಯಿಂದ ಹೊರಬರುವುದಕ್ಕೂ ನಿರ್ಬಂಧ ಬಂದಿತು. ಇರುಳೇ ಕೆಲಸದ ಹೊತ್ತಾದ ಖಗೋಳ ವಿಜ್ಞಾನಿಗೆ ಇದು ಕಣ್ಣು ಕಟ್ಟಿದಂತೆಯೇ ಸರಿ. ವೀಕ್ಷಣಾಲಯದ ನಿರ್ದೇಶಕರು ಅಧಿಕಾರಿಗಳೊಡನೆ ವಾದಿಸಿ, ಅವರಿಗೆ ಬೆಟ್ಟದ ಮೇಲೆ ದುಡಿಯಲು ಅನುಮತಿ ದೊರಕಿಸಿದರು.

ಬೆಟ್ಟದ ಕೆಳಗಿದ್ದುದು ಲಾಸ್ ಏಂಜಲೀಸ್ ನಗರ. 1942ರ ಫೆಬ್ರವರಿ 24ರ ರಾತ್ರಿಯಿಂದ ಮರುದಿನ ನಸುಕಿನವರೆಗಿನ ಅವಧಿಯಲ್ಲಿ ಜಪಾನೀ ವಿಮಾನಗಳು ಬಂದವೆಂಬ ಶಂಕೆಯಿಂದ ಅಲ್ಲಿ 1,400ಕ್ಕೂ ಅಧಿಕ ಫಿರಂಗಿ ಗುಂಡುಗಳನ್ನು ಆಕಾಶಕ್ಕೆ ಹಾರಿಸಲಾಯಿತು. ಆದರೆ ಯಾವ ಶತ್ರು ವಿಮಾನವೂ ಬಂದಿರಲಿಲ್ಲ. ಯುದ್ಧಕಾಲದಲ್ಲಿ ನಗರದ ದೀಪಗಳನ್ನು ಮಂಕಾಗಿಸಿದ್ದರಿಂದ ಬೆಟ್ಟದ ಮೇಲಿನ ಆಕಾಶವು ಗಾಢವಾಗಿ ಕಪ್ಪಾಯಿತು. ಎಡ್ವಿನ್ ಹಬಲ್ ಮೊದಲಾದ ಸಹೋದ್ಯೋಗಿಗಳು ಯುದ್ಧಸಂಬಂಧಿ ಕೆಲಸಗಳಿಗೆ ತೆರಳಿದ್ದರಿಂದ 100 ಅಂಗುಲದ ದೂರದರ್ಶಕವೂ ಬಾಡೆಯವರಿಗೆ ಹೆಚ್ಚಾಗಿ ಲಭಿಸಿತು.

ಕೆಂಪು ಬೆಳಕನ್ನು ಚೆನ್ನಾಗಿ ಗ್ರಹಿಸುವ ಫಲಕಗಳನ್ನು ಗಂಟೆಗಟ್ಟಲೆ ತೆರೆದಿಟ್ಟು, 1943ರಲ್ಲಿ ಅವರು ದೇವಯಾನಿ ಗೆಲಾಕ್ಸಿಯ ನಡುಭಾಗದ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ಸೆರೆಹಿಡಿದರು. ಅಂಚಿನ ಸುರುಳಿಗಳಲ್ಲಿ ನೀಲಿಯಾದ ಹರೆಯದ ನಕ್ಷತ್ರಗಳೂ ನಡುವೆ ಕೆಂಪಾದ ಮುದಿ ನಕ್ಷತ್ರಗಳೂ ಇದ್ದುವು. ನಕ್ಷತ್ರಗಳಲ್ಲಿ ಎರಡು ಬಗೆಗಳಿವೆಯೆಂದು 1944ರಲ್ಲಿ ಅವರು ಪ್ರಕಟಿಸಿದರು.

ಇದರ ಫಲ ದೊಡ್ಡದು. ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷವೆಂದು ಆಗಿನ ಲೆಕ್ಕ ಹೇಳುತ್ತಿತ್ತು. ಭೂಮಿಯ ಶಿಲೆಗಳು ಅದಕ್ಕಿಂತ ಹಳೆಯವಾಗಿದ್ದುವು! ತಾಯಿಗಿಂತ ಮಗಳು ಹಿರಿಯಳಾಗುವುದು ಹೇಗೆ? ದೂರವನ್ನಳೆಯಲು ಬಳಸುತ್ತಿದ್ದ, ಮಿಡಿಯುವ ಸೆಫೀಡ್ ನಕ್ಷತ್ರಗಳಲ್ಲಿಯೂ ಎರಡು ಬಗೆಗಳಿವೆಯೆಂದೂ ಗೆಲಾಕ್ಸಿಗಳು ಎಣಿಸಿದ್ದಕ್ಕಿಂತ ಸುಮಾರು ಇಮ್ಮಡಿ ದೂರದಲ್ಲಿವೆಯೆಂದೂ 1952ರಲ್ಲಿ ರೋಮ್ ನಗರದಲ್ಲಿ ಬಾಡೆಯವರು ಸಾರಿದರು. ಅದರೊಂದಿಗೆ ವಿಶ್ವದ ವಯಸ್ಸೂ ಇಮ್ಮಡಿಯಾಯಿತು.

1958ರಲ್ಲಿ ನಿವೃತ್ತರಾಗಿ ತಾಯ್ನಾಡಿಗೆ ಮರಳಿದ ಅವರು 1960ರ ಜೂನ್ 25ರಂದು ಗಟಿಂಗೆನ್‌ನಲ್ಲಿ ನಿಧನರಾದರು. ಚಿಲಿ ದೇಶದ ಲಾಸ್ ಕಂಪಾನಾಸ್ ಬೆಟ್ಟದಲ್ಲಿ 6.5 ಮೀಟರ್ ದರ್ಪಣದ ದೂರದರ್ಶಕವೊಂದು ಇಂದು ಅವರ ಹೆಸರನ್ನು ಹೊತ್ತಿದೆ.