ಟಿ.ಆರ್. ಬೆಲ್: ಉತ್ತರ ಕನ್ನಡದ ಸೀತಾಳೆ ಮತ್ತು ಜೀವಜಾತಿಯ ಗುರುತು

ಜೀವಜಾತಿಗಳನ್ನು ಬಾಹ್ಯರೂಪದಿಂದಲೇ ನಿರ್ಣಯಿಸುವುದು ಹತ್ತೊಂಬತ್ತನೆಯ ಶತಮಾನದ ಸಂಗ್ರಾಹಕರ ರೂಢಿಯಾಗಿತ್ತು. ಈ ರೂಢಿಯ ಮಿತಿಯನ್ನು ಉತ್ತರ ಕನ್ನಡದ ಕಾಡುಗಳಲ್ಲಿ ಕಂಡುಕೊಂಡವರಲ್ಲಿ ಥಾಮಸ್ ರೀಡ್ ಡೇವಿಸ್ ಬೆಲ್ (1863–1948) ಪ್ರಮುಖರು.

ಐರ್ಲೆಂಡಿನ ಬ್ಯಾಂಡನ್‌ನಲ್ಲಿ ಜನಿಸಿದ ಬೆಲ್ 1884ರಲ್ಲಿ ಅರಣ್ಯಾಧಿಕಾರಿಯಾಗಿ ಭಾರತಕ್ಕೆ ಬಂದರು. 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಅವರ ಮುಖ್ಯ ಕಾರ್ಯಕ್ಷೇತ್ರವಾಯಿತು. ಹಳಿಯಾಳ, ದಾಂಡೇಲಿ, ಮುಂಡಗೋಡಗಳ ಕಾಡು ಸರ್ಕಾರದ ದೃಷ್ಟಿಯಲ್ಲಿ ಮೊದಲಿಗೆ ತೇಗದ ಕಾಡು. ಮರವನ್ನಾಶ್ರಯಿಸಿ ಮುಂಗಾರಿನ ಹೊತ್ತಿಗೆ ಹೂದಂಡೆ ಇಳಿಬಿಡುವ ಸೀತಾಳೆಗೆ ಆದಾಯದ ಲೆಕ್ಕದಲ್ಲಿ ಸ್ಥಾನವಿರಲಿಲ್ಲ. ಮರ ಉರುಳಿದರೆ ಅದೂ ನೆಲಕ್ಕುರುಳುತ್ತಿತ್ತು.

ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್ ಮತ್ತು ಉಪ್ಪು-ಅಬಕಾರಿ ಇಲಾಖೆಯ ಇ.ಎಚ್. ಐಟ್ಕನ್ ಅವರೊಡನೆ ಬೆಲ್ ಚಿಟ್ಟೆಗಳ ಅಧ್ಯಯನಕ್ಕೆ ತೊಡಗಿದರು. ಕಂಬಳಿಹುಳುವನ್ನು ಅದರ ಆಹಾರಸಸ್ಯದ ಮೇಲೆ ಸಾಕಿ, ಹೊರಬಂದ ಚಿಟ್ಟೆಯನ್ನು ಗುರುತಿಸುವುದು ಅವರ ವಿಧಾನ. ಮಳೆಗಾಲ ಮತ್ತು ಬೇಸಗೆಗಳಲ್ಲಿ ಬೇರೆ ಬೇರೆ ರೂಪ ತಾಳುವ ಒಂದೇ ಚಿಟ್ಟೆಗೆ ಎರಡು ಹೆಸರುಗಳಿದ್ದ ಕಾಲದಲ್ಲಿ ವಂಶಾನುಗತಿಯೇ ನಿರ್ಣಾಯಕ ಸಾಕ್ಷ್ಯವಾಗಿತ್ತು. ಮೂವರೂ ಸೇರಿ ಬರೆದ ಜಿಲ್ಲೆಯ ಚಿಟ್ಟೆಗಳ ವಿವರಣೆ 1896–97ರಲ್ಲಿ ಪ್ರಕಟವಾಯಿತು.

ಈ ವಿಧಾನಕ್ಕೆ ಸಸ್ಯದ ನಿಖರ ಪರಿಚಯ ಅನಿವಾರ್ಯ. ಒಂದು ಪುಟ್ಟ ನೀಲಿ ಚಿಟ್ಟೆಯ ಹುಳು ಸೀತಾಳೆ ಕುಲದ ಮೊಗ್ಗು-ಹೂಗಳನ್ನೇ ತಿಂದು ಬೆಳೆಯುತ್ತದೆ; ಹೂವನ್ನರಿಯದೆ ಹುಳುವನ್ನರಿಯಲಾಗದು. ಸೀತಾಳೆಯ ಗುರುತೂ ಸುಲಭವಲ್ಲ. ಪಶ್ಚಿಮಘಟ್ಟದ ಕಾಟೋನಿಯಾದ ಹೂದುಟಿ ಜೇನ್ನೊಣವನ್ನು ಹೋಲುತ್ತದೆ. ಯುರೋಪಿನ ಜೇಡ ಸೀತಾಳೆಗಳು ಹೆಣ್ಣು ದುಂಬಿಯ ಭ್ರಮೆ ಹುಟ್ಟಿಸಿ ಗಂಡನ್ನು ಸೆಳೆಯುತ್ತವೆ; ಒಂದೇ ಕೀಟ ಎರಡು ಜಾತಿಗಳ ಹೂಗಳಿಗೆ ಎರಗಿದರೆ ಸಹಜ ಸಂಕರ ಹುಟ್ಟಬಹುದು. ಒಣಗಿಸಿದ ಹೂವೊಂದರ ಆಕಾರ ಮಾತ್ರ ಅಂಥಲ್ಲಿ ಸಾಲದು. ನೆಲೆ, ಋತು, ಕೀಟಸಂಬಂಧಗಳೂ ಬೇಕು. ಬೆಲ್ ಚಿಟ್ಟೆಗಳಲ್ಲಿ ಅನುಸರಿಸಿದ ಕ್ರಮದ ಮಹತ್ವ ಇಲ್ಲಿದೆ.

ಮುಂದೆ ಎಲ್.ಜೆ. ಸೆಜ್‌ವಿಕ್ ಅವರೊಡನೆ ಬೆಲ್ ಜಿಲ್ಲೆಯ ಸಸ್ಯಗಳನ್ನು ವ್ಯಾಪಕವಾಗಿ ಸಂಗ್ರಹಿಸಿದರು. ಆ ಸಂಗ್ರಹ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಸಸ್ಯಾಗಾರವನ್ನು ಸೇರಿತು. 1920ರಲ್ಲಿ ನಿವೃತ್ತರಾದ ಮೇಲೆ ಸ್ವದೇಶಕ್ಕೆ ಮರಳದೆ ಕಾರವಾರದಲ್ಲಿಯೇ ನೆಲಸಿದರು. ಎಫ್.ಬಿ. ಸ್ಕಾಟ್ ಅವರೊಡನೆ ರಚಿಸಿದ ಪತಂಗಗಳ ಸಂಪುಟ 1937ರಲ್ಲಿ ಹೊರಬಂದಿತು.

1980ರ ದಶಕದಲ್ಲಿ ಕಾಳಿ ನದಿಯ ಸೂಪಾ ಅಣೆಕಟ್ಟೆ ಜೋಯಿಡಾ ಸೀಮೆಯ ವಿಸ್ತಾರವಾದ ಕಾಡನ್ನು ಮುಳುಗಿಸಿತು. ಯಾವ ಕಾಡಿನಲ್ಲಿ ಯಾವ ಗಿಡವಿತ್ತೆಂಬುದಕ್ಕೆ ಇಂಥ ಸಂಗ್ರಹದ ಹಾಳೆಗಳೇ ಈಗ ಆಧಾರ. ಮರಮುಟ್ಟಿನ ಲೆಕ್ಕವಿಡಬೇಕಾಗಿದ್ದ ಅಧಿಕಾರಿಯೊಬ್ಬರು ಆ ಲೆಕ್ಕಕ್ಕೆ ಸೇರದ ಜೀವಗಳನ್ನು ದಾಖಲಿಸಿದುದರಲ್ಲಿ ಬೆಲ್ ಅವರ ಬದುಕಿನ ಸಾರ್ಥಕತೆ ಅಡಗಿದೆ.